ಭೋರ್ ಘಟ್ಟ: ಹತ್ತಿ, ರೈಲು, ನೀರು

ಪುಣೆ ಜಿಲ್ಲೆಯ ಲೋಣಾವಳಾ–ಖಂಡಾಳಾಗಳಿಂದ ಕೊಂಕಣದ ಕರ್ಜತ್, ಖೋಪೋಲಿಗಳಿಗೆ ಇಳಿಯುವ ಸಹ್ಯಾದ್ರಿಯ ದಾರಿಗೆ ಭೋರ್ ಘಟ್ಟ ಎಂದು ಹೆಸರು. ದಾರಿ ಬ್ರಿಟಿಷರಿಗಿಂತ ಬಹಳ ಹಳೆಯದು. ಲೋಣಾವಳಾಕ್ಕೆ ಹತ್ತಿರದ ಕಾರ್ಲೆಯ ಚೈತ್ಯಗೃಹವನ್ನು ಮಾಡಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲ ಎಂದು ಅಲ್ಲಿಯ ಪ್ರಾಕೃತ ಶಾಸನ ಹೇಳುತ್ತದೆ. ವೈಜಯಂತಿ ಎಂದರೆ ನಮ್ಮ ಬನವಾಸಿ ಎಂಬುದು ಹೆಚ್ಚಿನ ವಿದ್ವಾಂಸರ ಮತ. ಎರಡು ಸಾವಿರ ವರ್ಷದ ಹಿಂದೆಯೇ ಕನ್ನಡ ನಾಡಿನ ವರ್ತಕನೊಬ್ಬ ಇಲ್ಲಿ ಹಣ ಸುರಿದಿದ್ದಾನೆ ಎಂದ ಮೇಲೆ ಈ ಘಟ್ಟ ವ್ಯಾಪಾರಕ್ಕೆ ಹೊಸದೇನಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬದಲಾದದ್ದು ಸರಕಿನ ಗಾತ್ರ, ಮತ್ತು ಅದು ಯಾರಿಗಾಗಿ ಇಳಿಯಬೇಕು ಎಂಬ ತೀರ್ಮಾನ.

ಆ ತೀರ್ಮಾನ ನಡೆದದ್ದು ಇಂಗ್ಲೆಂಡಿನಲ್ಲಿ. ಲ್ಯಾಂಕಷೈರಿನ ಗಿರಣಿಗಳು ಅಮೆರಿಕದ ಗುಲಾಮರು ಬೆಳೆದ ಹತ್ತಿಯನ್ನೇ ನೆಚ್ಚಿಕೊಂಡಿದ್ದವು. ಒಂದೇ ಕಡೆಯ ಮಾಲಿಗೆ ಜೋತುಬೀಳುವುದು ಅಪಾಯ ಎಂಬ ಅರಿವು ಮ್ಯಾಂಚೆಸ್ಟರಿನ ವರ್ತಕರಿಗೆ 1840ರ ದಶಕದಲ್ಲೇ ಇತ್ತು. ದಖನ್ನಿನ ಎರೆಹೊಲಗಳಲ್ಲಿ ಹತ್ತಿ ಬೇಕಾದಷ್ಟಿತ್ತು. ಆದರೆ ಹೇರೆತ್ತಿನ ಬೆನ್ನ ಮೇಲೆ ಘಟ್ಟ ಇಳಿಯುವಷ್ಟರಲ್ಲಿ ಅರಳೆಗೆ ಧೂಳು ಮೆತ್ತುತ್ತಿತ್ತು, ಮಳೆ ಹಿಡಿದರೆ ಕೊಳೆಯುತ್ತಿತ್ತು. ಇಂಗ್ಲೆಂಡ್ ಹತ್ತಿಗಾಗಿ ಕೂಗಿಡುತ್ತಿದೆ ಎಂಬ ವಾದ ಗವರ್ನರ್ ಜನರಲ್ ಡಾಲ್‌ಹೌಸಿಯ 1853ರ ರೈಲು ಟಿಪ್ಪಣಿಯಲ್ಲೂ ಇದೆ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ (ಜಿಐಪಿ) ಕಂಪನಿಯ ಜೊತೆ 1849ರಲ್ಲಿ ಆದ ಕರಾರು ಷೇರುದಾರರಿಗೆ ಶೇಕಡಾ 5ರ ಬಡ್ಡಿಯ ಖಾತರಿ ಕೊಟ್ಟಿತು. ರೈಲು ಲಾಭ ಮಾಡದಿದ್ದರೆ ಕೊರತೆ ತುಂಬಬೇಕಾದದ್ದು ಭಾರತದ ಕಂದಾಯ. ಹಳಿ, ಎಂಜಿನ್ನುಗಳು ಬಂದದ್ದು ಬ್ರಿಟನ್ನಿನಿಂದ. ಹಣ ಹಾಕುವವನಿಗೆ ನಷ್ಟದ ಭಯವೇ ಇಲ್ಲದ ಇಂಥ ವ್ಯಾಪಾರ ಎಲ್ಲಿ ಸಿಕ್ಕೀತು!

ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ 1853ರ ಏಪ್ರಿಲ್ 16ರಂದು ಮೊದಲ ರೈಲು ಓಡಿತು. 1856ರಲ್ಲಿ ಹಳಿ ಖೋಪೋಲಿಗೆ, ಅಂದರೆ ಘಟ್ಟದ ಬುಡಕ್ಕೆ ಬಂತು. ಮೇಲೆ ಖಂಡಾಳಾ–ಪುಣೆ ಹಳಿ 1858ರಲ್ಲಿ ತೆರೆಯಿತು. ನಡುವಿನ ಘಟ್ಟವನ್ನು ಪ್ರಯಾಣಿಕರು ಪಲ್ಲಕ್ಕಿಯಲ್ಲೋ ತಟ್ಟುವಿನ ಮೇಲೋ ದಾಟುತ್ತಿದ್ದರು.

ಆ ನಡುವಿನ ತುಂಡಿನ ಕಥೆಯೇ ದೊಡ್ಡದು. ಮುಖ್ಯ ಎಂಜಿನಿಯರ್ ಜೇಮ್ಸ್ ಜಾನ್ ಬರ್ಕ್ಲಿ. ಉದ್ದ ಸುಮಾರು 25 ಕಿ.ಮೀ., ಏರು 1,831 ಅಡಿ, ಸುರಂಗಗಳು 25. ಅತಿ ಕಡಿದಾದ ಕಡೆ ಏರು 37ಕ್ಕೆ 1. ಒಂದು ಕಡೆಯಂತೂ ತಿರುವು ಹಾಕಲು ಬೆಟ್ಟದಲ್ಲಿ ಜಾಗವೇ ಸಿಗದೆ, ಗಾಡಿ ನಿಂತು ಎಂಜಿನ್ ಹಿಂದುಮುಂದಾಗಿ ಹೊರಡುವ ರಿವರ್ಸಿಂಗ್ ಸ್ಟೇಷನ್ ಕಟ್ಟಿದರು. ಕಾಲಿಡಲು ಎಡೆಯಿಲ್ಲದ ಬಂಡೆಗಳಲ್ಲಿ ಮೇಲಿನಿಂದ ಹಗ್ಗದಲ್ಲಿ ಆಳುಗಳನ್ನು ಇಳಿಬಿಡುತ್ತಿದ್ದರು. ತೂಗಾಡುತ್ತಲೇ ಅವರು ಉಳಿಯಿಂದ ಮೊದಲ ತೂತು ಕೊರೆಯಬೇಕು, ಆ ತೂತಿಗೆ ಗೂಟ ಬಡಿದ ಮೇಲೆ ಉಳಿದವರಿಗೆ ಕಾಲೂರಲು ನೆಲೆ. ಕೆಲಸ ನಡೆಯುತ್ತಿದ್ದದ್ದು ಮಳೆಯಿಲ್ಲದ ಎಂಟು ತಿಂಗಳು. ಗಂಡಸರು, ಹೆಂಗಸರು, ಮಕ್ಕಳು, ಬರಗಾಲದ ಹಳ್ಳಿಗಳನ್ನು ಬಿಟ್ಟು ಬಂದವರು, ಊರೂರು ಅಲೆದು ಮಣ್ಣು ಕಲ್ಲಿನ ಕೆಲಸ ಮಾಡುವ ವಡ್ಡರು ಇಲ್ಲಿ ಸೇರಿದರು. 1861ರಲ್ಲಿ ಘಟ್ಟದ ಮೇಲಿದ್ದ ಕೂಲಿಗಳ ಸಂಖ್ಯೆ 42,000 ಮುಟ್ಟಿತು. ಕಾಲರಾ ಬಂದಾಗ ಇಡೀ ಬಿಡಾರಗಳು ಬರಿದಾದವು. ಒಟ್ಟು ಸಾವು 24,000ಕ್ಕಿಂತ ಹೆಚ್ಚು ಎಂಬ ಅಂದಾಜು ಸಾಮಾನ್ಯವಾಗಿ ಉಲ್ಲೇಖವಾಗುತ್ತದೆ. ಎಂಜಿನಿಯರುಗಳ ಹೆಸರು ಊರಿಗೆಲ್ಲ ಗೊತ್ತು, ಈ ಸತ್ತವರ ಹೆಸರಿನ ಪಟ್ಟಿ ಎಲ್ಲೂ ಇಲ್ಲ. ಲೋಣಾವಳಾದ ಪೇಟೆಯಲ್ಲಿ ಚಿಕ್ಕಿ ಕಟ್ಟಿಕೊಡುವ ಅಂಗಡಿಯವರು, ಬೆಲ್ಲ–ಕಡಲೆಬೀಜದ ಈ ತಿಂಡಿ ರೈಲಿನ ಕೂಲಿಗಳಿಗೆಂದೇ ಶುರುವಾದದ್ದು ಎಂದು ಹೇಳುವುದುಂಟು. ಕಥೆಯೇ ಇರಬಹುದು, ಅವರ ನೆನಪಿಗೆ ಅಷ್ಟಾದರೂ ಉಳಿದಿದೆ.

ಮೊದಲ ಗುತ್ತಿಗೆದಾರ ವಿಲಿಯಂ ಫೇವಿಯಲ್. ಕೂಲಿ ಬಾಕಿ ಉಳಿದು, ತುಂಡು ಗುತ್ತಿಗೆದಾರರ ಕೈಯಲ್ಲಿ ದುಡ್ಡು ಸೋರಿ, 1859ರ ಜನವರಿಯಲ್ಲಿ ಆಳುಗಳು ದಂಗೆಯೆದ್ದರು. ಒಬ್ಬ ಯುರೋಪಿಯನ್ ಸತ್ತ. ಫೇವಿಯಲ್ ಅದೇ ವರ್ಷ ಗುತ್ತಿಗೆ ಬಿಟ್ಟ. ಕೂಲಿ ತಕರಾರುಗಳನ್ನು ಮ್ಯಾಜಿಸ್ಟ್ರೇಟರೇ ಬೇಗ ತೀರ್ಮಾನಿಸುವಂತೆ 1860ರಲ್ಲಿ ಕಾಯಿದೆ ಬಂತು. ಮುಂದೆ ಗುತ್ತಿಗೆ ಹಿಡಿದ ಸಾಲೊಮನ್ ಟ್ರೆಡ್‌ವೆಲ್ ಭಾರತಕ್ಕೆ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡ. ಹೆಂಡತಿ ಆಲಿಸ್ ಟ್ರೆಡ್‌ವೆಲ್ ಗುತ್ತಿಗೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡು, ಆಡಮ್ಸನ್ ಮತ್ತು ಕ್ಲೌಸರ್ ಎಂಬ ಎಂಜಿನಿಯರುಗಳ ಕೈಯಲ್ಲಿ ಕೆಲಸ ಮುಗಿಸಿದಳು. 1863ರ ಏಪ್ರಿಲ್‌ನಲ್ಲಿ ಗವರ್ನರ್ ಬಾರ್ಟಲ್ ಫ್ರೀರ್ ಉದ್ಘಾಟನೆ ಮಾಡಿದ. ಅದನ್ನು ನೋಡಲು ಬರ್ಕ್ಲಿ ಬದುಕಿರಲಿಲ್ಲ.

ಘಟ್ಟ ತೆರೆದ ಗಳಿಗೆ ಎಂಥದ್ದೆಂದರೆ, ಅಮೆರಿಕದ ಅಂತರ್ಯುದ್ಧ (1861–65) ಲ್ಯಾಂಕಷೈರಿನ ಹತ್ತಿಯನ್ನು ಕತ್ತರಿಸಿಹಾಕಿತ್ತು. ಅಲ್ಲಿ ಲಕ್ಷಗಟ್ಟಲೆ ಗಿರಣಿ ಕಾರ್ಮಿಕರು ಕೆಲಸ ಕಳೆದುಕೊಂಡು ಧರ್ಮದ ಗಂಜಿಗೆ ನಿಂತರು. ಭಾರತದಿಂದ ಬಂದ ಗಿಡ್ಡ ಎಳೆಯ ಹತ್ತಿ ಮಗ್ಗದ ಮೇಲೆ ಪದೇಪದೇ ಹರಿಯುತ್ತಿತ್ತು, ‘ಸೂರತ್’ ಎಂಬ ಹೆಸರು ಆ ಊರುಗಳಲ್ಲಿ ಕೀಳು ಮಾಲಿಗೆ ಬೈಗುಳವಾಯಿತು. ಇತ್ತ ಹತ್ತಿಯ ಬೆಲೆಯೇರಿ ಮುಂಬಯಿಯಲ್ಲಿ ದುಡ್ಡಿನ ಹೊಳೆ. ವರ್ತಕ ಪ್ರೇಮಚಂದ್ ರಾಯಚಂದ್ ಮುಂದಾಳಾಗಿ ಷೇರು ಹುಚ್ಚು ಏರಿತು, 1865ರಲ್ಲಿ ಯುದ್ಧ ಮುಗಿದದ್ದೇ ತಡ ದಿವಾಳಿಗಳ ಸಾಲು. ಆಫ್ರಿಕದಲ್ಲಿ ಇದೇ ಬೆಲೆಯೇರಿಕೆ ಈಜಿಪ್ಟನ್ನು ಹತ್ತಿಗೆ ಕಟ್ಟಿಹಾಕಿತು. ಖೆದೀವ್ ಇಸ್ಮಾಯಿಲ್ ಆ ನಂಬಿಕೆಯ ಮೇಲೆ ಎತ್ತಿದ ಸಾಲ ಬೆಳೆದು, 1882ರಲ್ಲಿ ಬ್ರಿಟಿಷ್ ಸೈನ್ಯ ದೇಶವನ್ನೇ ಹಿಡಿಯಿತು.

ಧಾರವಾಡದ ಹತ್ತಿ ಮಾತ್ರ ಆಗ ಭೋರ್ ಘಟ್ಟದ ಕಡೆ ಬರಲಿಲ್ಲ. 1840ರ ದಶಕದಲ್ಲೇ ಅಮೆರಿಕನ್ ತೋಟಗಾರರನ್ನು ಕರೆಸಿ ಬೆಳೆಸಿದ ‘ಧಾರವಾಡ–ಅಮೆರಿಕನ್’ ತಳಿಯ ಅಂಡಿಗೆಗಳು ಘಟ್ಟ ಇಳಿದು ಕುಮಟೆಗೆ, ಅಲ್ಲಿಂದ ಪತ್ತೆಮಾರಿ ಹಾಯಿದೋಣಿಯಲ್ಲಿ ಮುಂಬಯಿಗೆ ಹೋಗುತ್ತಿದ್ದವು. ಹತ್ತಿ ವರ್ತಕರ ಒತ್ತಾಯಕ್ಕೆ ಮಣಿದು 1862ರಲ್ಲಿ ಉತ್ತರ ಕನ್ನಡವನ್ನೇ ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಕಾರವಾರ–ಕುಮಟೆಯವರು ಮುಂಬಯಿ ಆಡಳಿತಕ್ಕೆ ಸೇರಿದ್ದರ ಹಿಂದೆ ಮ್ಯಾಂಚೆಸ್ಟರಿನ ಮಗ್ಗಗಳಿವೆ ಎಂಬುದು ನಮ್ಮ ಶಾಲಾಪಾಠಗಳಲ್ಲಿ ಅಷ್ಟಾಗಿ ಬರುವುದಿಲ್ಲ. ಭೋರ್ ಘಟ್ಟ ಹತ್ತಿದ ಹಳಿ ಸೊಲ್ಲಾಪುರ, ಕಲಬುರಗಿಯ ಮೇಲೆ ಹಾಯ್ದು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲನ್ನು ಕೂಡಿತು.

ಪೂರ್ವ ಆಫ್ರಿಕದಲ್ಲಿ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ಹಳಿ ಹಾಕಿದಾಗ (1896–1901) ಬ್ರಿಟಿಷರು ಭಾರತದ ಪಾಠವನ್ನೇ ನಕಲು ಮಾಡಿದರು. ಸುಮಾರು 32,000 ಭಾರತೀಯ ಕೂಲಿಗಳು ಹೋದರು, 2,493 ಮಂದಿ ಸತ್ತರು. ಮೀಟರ್‌ಗೇಜು, ದಂಡಸಂಹಿತೆ, ರೂಪಾಯಿ ಎಲ್ಲವೂ ಭಾರತದ್ದೇ. ಗುಡಿಸಲು ತೆರಿಗೆ ಕಟ್ಟಲು ನಗದು ಬೇಕಾದ ಉಗಾಂಡದ ರೈತರು ಹತ್ತಿ ಬೆಳೆದರು, ಅದನ್ನು ಹಿಂಜುವ ಜಿನ್ನುಗಳಲ್ಲಿ ಹೆಚ್ಚಿನವು ಭಾರತೀಯ ವರ್ತಕರ ಕೈಸೇರಿದವು, ಕಡೆಗೆ ಆ ಹತ್ತಿಯ ದೊಡ್ಡ ಗಿರಾಕಿ ಮುಂಬಯಿಯ ಗಿರಣಿಗಳೇ ಆದವು.

ಆ ಗಿರಣಿಗಳಿಗೆ ಕಲ್ಲಿದ್ದಲು ದೂರದಿಂದ ಬರಬೇಕಿತ್ತು. ಹೀಗಾಗಿ ಭೋರ್ ಘಟ್ಟದ ಇಳಿಜಾರು ಎರಡನೆಯ ಸಲ ಕೆಲಸಕ್ಕೆ ಬಂತು. ಟಾಟಾ ಹೈಡ್ರೋ ಕಂಪನಿ ಲೋಣಾವಳಾ, ವಲವಣ, ಶಿರವಟಾ ಕೆರೆಗಳಲ್ಲಿ ಮಳೆನೀರು ಹಿಡಿದು 500 ಮೀಟರಿಗೂ ಹೆಚ್ಚು ಕೆಳಗಿನ ಖೋಪೋಲಿಗೆ ಕೊಳವೆಯಲ್ಲಿ ಬಿಟ್ಟಿತು. ಶಂಕುಸ್ಥಾಪನೆ 1911, ವಿದ್ಯುತ್ ಹರಿದದ್ದು 1915. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ವಿದ್ಯುತ್ ಹೋಗಿತ್ತು. ಅಲ್ಲಿಯ ಗಿರಾಕಿ ಲಂಡನ್ನಿನ ಕಂಪನಿ, ಇಲ್ಲಿಯದು ಬಹುಪಾಲು ದೇಶೀ ಬಂಡವಾಳ. ಆದರೆ ಮುಳುಗುವ ಹೊಲಕ್ಕೆ ಆ ವ್ಯತ್ಯಾಸ ಕಾಣಲಿಲ್ಲ. ಪಕ್ಕದಲ್ಲಿ ಟಾಟಾಗಳದೇ ಆದ ಮುಳಶಿ ಅಣೆಕಟ್ಟಿನ ವಿರುದ್ಧ 1921ರ ಏಪ್ರಿಲ್‌ನಲ್ಲಿ ಸೇನಾಪತಿ ಬಾಪಟರ ಮುಂದಾಳತ್ವದಲ್ಲಿ ಮಾವಳ ಸೀಮೆಯ ರೈತರು ಸತ್ಯಾಗ್ರಹಕ್ಕಿಳಿದರು. ಮೂರು ವರ್ಷ ನಡೆದು ಸೋತರು.

ಕೆರೆಗಳ ನೀರು ಹುಟ್ಟಿನಿಂದ ಪೂರ್ವದ್ದು. ಇಂದ್ರಾಯಣಿ, ಮುಳಾ ನದಿಗಳಾಗಿ ಭೀಮೆಗೆ, ಭೀಮೆಯಿಂದ ರಾಯಚೂರಿನ ಬಳಿ ಕೃಷ್ಣೆಗೆ ಸೇರಬೇಕಾದದ್ದು. ಕೊಂಕಣಕ್ಕೆ ತಿರುಗಿದ ಈ ನೀರಿನ ಲೆಕ್ಕ ಕೃಷ್ಣಾ ಜಲವಿವಾದದಲ್ಲಿ ಎದ್ದು ಬಂತು. ಟಾಟಾ ಯೋಜನೆಗಳು ಭೀಮೆಯಿಂದ ಪಶ್ಚಿಮಕ್ಕೆ ಒಯ್ಯುವ ನೀರು ಸತತ ಐದು ವರ್ಷಗಳಲ್ಲಿ 212 ಟಿಎಂಸಿ ಮೀರಕೂಡದು ಎಂದು ಬಚಾವತ್ ನ್ಯಾಯಮಂಡಳಿ ಮಿತಿ ಹಾಕಿತು.