ತಾಮ್ರದ ರಂಗೋಲಿ, ಮರದ ಪೆಟ್ಟಿಗೆ

ಹಳೆಯ ವಾಲ್ವ್ ರೇಡಿಯೋದ ಹಿಂಬದಿಯ ರಟ್ಟು ಬಿಚ್ಚಿ ನೋಡಿದವರಿಗೆ ಒಳಗಿನ ನೋಟ ನೆನಪಿರಬಹುದು. ಹೊರಗೆ ನಯವಾಗಿ ಹೊಳೆಯುವ ಮರದ ಪೆಟ್ಟಿಗೆ; ಒಳಗೆ, ತಗಡಿನ ಚಾಸಿಯ ಕೆಳಗೆ, ಸಿಕ್ಕುಬಿದ್ದ ನೂಲಿನಂಥ ತಂತಿಗಳು. ಒಂದೊಂದು ತಂತಿಯನ್ನೂ ಯಾರೋ ಕೈಯಾರೆ ಕತ್ತರಿಸಿ ಬೆಸುಗೆ ಹಾಕಿರಬೇಕು. ಒಂದು ತಪ್ಪಿದರೂ ರೇಡಿಯೋ ಮೂಕ. ಈ ಸಿಕ್ಕು ಬಿಡಿಸಿದ ಉಪಾಯ ಬಂದದ್ದು ಅಚ್ಚುಕೂಟದಿಂದ.

ಪಾಲ್ ಐಸ್ಲರ್ 1907ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ ಎಂಜಿನಿಯರ್. ಮುದ್ರಣದ ಕೆಲಸವನ್ನೂ ಬಲ್ಲವನು. 1936ರಲ್ಲಿ ಇಂಗ್ಲೆಂಡ್ ಸೇರಿದ. ಪುಸ್ತಕದ ಪುಟವನ್ನು ಅಚ್ಚು ಹಾಕುವಂತೆ ವಿದ್ಯುತ್ತಿನ ದಾರಿಯನ್ನೂ ಅಚ್ಚು ಹಾಕಬಾರದೇಕೆ ಎಂಬುದು ಆತನ ಯೋಚನೆ. ವಿದ್ಯುತ್ ಹರಿಯದ ಹಲಗೆಯೊಂದಕ್ಕೆ ತಾಮ್ರದ ತೆಳು ಹಾಳೆ ಅಂಟಿಸುವುದು. ಬೇಕಾದ ಗೆರೆಗಳನ್ನು ಶಾಯಿಯಿಂದ ಮುಚ್ಚುವುದು. ಉಳಿದ ತಾಮ್ರವನ್ನು ರಾಸಾಯನಿಕದಲ್ಲಿ ಕರಗಿಸಿಬಿಡುವುದು. ಶಾಯಿಯ ಮರೆಯಲ್ಲಿ ಉಳಿದ ತಾಮ್ರವೇ ತಂತಿ! ಆದರೆ ಮೊದಲು ಆತ ಬಾಗಿಲು ತಟ್ಟಿದ ಕಂಪನಿ ಒಪ್ಪಲಿಲ್ಲ. ತಂತಿ ಜೋಡಿಸುವ ಹೆಣ್ಣುಮಕ್ಕಳ ಕೂಲಿ ಇದಕ್ಕಿಂತ ಅಗ್ಗವೆಂಬ ಉತ್ತರ ಬಂತೆಂದು ಐಸ್ಲರ್ ತನ್ನ ಆತ್ಮಕಥೆಯಲ್ಲಿ ನೆನೆದಿದ್ದಾನೆ. 1943ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಗುರಿಯ ಸಮೀಪ ಬಂದೊಡನೆ ತಾನಾಗಿ ಸಿಡಿಯುವ ಗುಂಡುಗಳಿಗೆ ಪುಟ್ಟ ರೇಡಿಯೋ ಅಳವಡಿಸಲು ಅದೇ ಯುದ್ಧಕಾಲದಲ್ಲಿ ಅಮೆರಿಕದಲ್ಲಿಯೂ ಅಚ್ಚುಹಾಕಿದ ಮಂಡಲಗಳು ಬಂದವು. ಯುದ್ಧ ಮುಗಿದ ಮೇಲೆ ಅವು ಮನೆಮನೆಯ ರೇಡಿಯೋ, ಟಿ.ವಿ.ಗಳನ್ನು ಹೊಕ್ಕವು.

ಈ ಹಲಗೆಗೆ ತನ್ನದೇ ಚೆಲುವಿದೆ. ನೋಡಿದೊಡನೆ ನಮಗೆ ಚುಕ್ಕಿ ರಂಗೋಲಿ ನೆನಪಾಗುತ್ತದೆ. ಆದರೆ ರಂಗೋಲಿಯ ಎಳೆಗಳು ಒಂದನ್ನೊಂದು ದಾಟಬಹುದು. ಇಲ್ಲಿ ಒಂದೇ ಪದರದಲ್ಲಿ ಎರಡು ದಾರಿಗಳು ಕೂಡಿದರೆ ಷಾರ್ಟ್ ಸರ್ಕಿಟ್. ಆದ್ದರಿಂದ ಗೆರೆಗಳು ಸುತ್ತಿ ಬಳಸಿ, ಒಂದಕ್ಕೊಂದು ದಾರಿ ಬಿಟ್ಟು ಸಾಗಬೇಕು. ಕಂಪ್ಯೂಟರ್ ಈ ಕೆಲಸ ವಹಿಸಿಕೊಳ್ಳುವ ಮೊದಲು ಪಾರದರ್ಶಕ ಹಾಳೆಯ ಮೇಲೆ ಸಣ್ಣ ಟೇಪುಗಳನ್ನು ಕೈಯಲ್ಲೇ ಅಂಟಿಸಿ ನಕ್ಷೆ ಮಾಡುತ್ತಿದ್ದರು. ಆ ಕಾಲದ ಹಲಗೆಗಳ ಗೆರೆಗಳಲ್ಲಿ ಹೊಳೆಯ ತಿರುವಿನಂಥ ಬಳುಕು ಕಾಣುವುದು ಅದಕ್ಕೇ. ಹಸಿರು ಬಣ್ಣವೂ ಬರಿಯ ಅಲಂಕಾರವಲ್ಲ. ಬೇಡದ ಕಡೆ ಬೆಸುಗೆ ಹಿಡಿಯದಂತೆ ತಡೆಯುವ ಲೇಪನ.

ಚೆಲುವಿಗಾಗಿಯೇ ಚೆಲುವು ಮಾಡಹೊರಟರೆ ಏನಾದೀತು? 1980ರ ದಶಕದ ಆರಂಭದಲ್ಲಿ ಮ್ಯಾಕಿಂಟಾಷ್ ಕಂಪ್ಯೂಟರ್ ರೂಪುಗೊಳ್ಳುತ್ತಿದ್ದಾಗ ಸ್ಟೀವ್ ಜಾಬ್ಸ್ ಅದರ ಹಲಗೆ ಅಂದವಾಗಿಲ್ಲವೆಂದು ತಕರಾರು ತೆಗೆದ. ಮುಚ್ಚಿದ ಪೆಟ್ಟಿಗೆಯೊಳಗೆ ಯಾರು ನೋಡುತ್ತಾರೆಂದು ಎಂಜಿನಿಯರುಗಳು ಕೇಳಿದರೂ ಬಿಡಲಿಲ್ಲ. ಅಂದದ ನಕ್ಷೆಯಂತೆ ಹಲಗೆ ಮಾಡಿದ್ದಾಯಿತು; ಅದು ಸರಿಯಾಗಿ ಕೆಲಸ ಮಾಡಲಿಲ್ಲ. ಮತ್ತೆ ಹಳೆಯ ನಕ್ಷೆಗೇ ಮರಳಬೇಕಾಯಿತು.

ಅದೇ ಕಂಪನಿಯ ಮೊದಲ ಸರಕಿನ ಕಥೆ ಬೇರೆ. 1976ರಲ್ಲಿ ಸ್ಟೀವ್ ವೋಜ್ನಿಯಾಕ್ ರೂಪಿಸಿದ ಆ್ಯಪಲ್-1ಕ್ಕೆ ಪೆಟ್ಟಿಗೆಯೇ ಇರಲಿಲ್ಲ. 666 ಡಾಲರ್ 66 ಸೆಂಟ್ ಕೊಟ್ಟರೆ ಸಿಗುತ್ತಿದ್ದುದು ಬಿಡಿಭಾಗ ಜೋಡಿಸಿದ ಹಲಗೆ ಮಾತ್ರ. ತಯಾರಾದದ್ದು ಸುಮಾರು 200. ಕೀಲಿಮಣೆಯನ್ನೂ ಪೆಟ್ಟಿಗೆಯನ್ನೂ ಕೊಂಡವರೇ ಹೊಂದಿಸಿಕೊಳ್ಳಬೇಕು. ಕೆಲವರು ಬಡಗಿಗಳಾದರು, ಹವಾಯಿಯ ಕೋವಾ ಮರದ ಪೆಟ್ಟಿಗೆಗಳೂ ಬಂದವು. 2014ರಲ್ಲಿ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯ ಅಂಥ ಒಂದು ಆ್ಯಪಲ್-1ಕ್ಕೆ ಕೊಟ್ಟ ಬೆಲೆ 9,05,000 ಡಾಲರ್!

ಇಂಥ ಕೈಕೆಲಸಕ್ಕೆ ಅಮೆರಿಕಕ್ಕೇ ಹೋಗಬೇಕಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ತಾಮ್ರದ ಹಲಗೆ, ಫೆರಿಕ್ ಕ್ಲೋರೈಡ್ ಕೊಂಡು, ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು, ಪ್ಲಾಸ್ಟಿಕ್ ತಟ್ಟೆಯಲ್ಲಿ ಅದ್ದಿ ಮಂಡಲ ತಯಾರಿಸುವವರು ಐಸ್ಲರನ ವಿದ್ಯೆಯನ್ನೇ ಮಾಡುತ್ತಾರೆ. ಅದಕ್ಕೆ ಸಾಬೂನಿನ ಡಬ್ಬಿಯೂ ಮನೆಯಾದೀತು, ಬಿಸ್ಕತ್ತಿನ ತಗಡಿನ ಡಬ್ಬವೂ ಆದೀತು. ತಗಡಿಗೆ ಒಂದು ಹೆಚ್ಚುಗಾರಿಕೆಯುಂಟು: ಸರಿಯಾಗಿ ಭೂಸಂಪರ್ಕ ಕೊಟ್ಟರೆ ಹೊರಗಿನ ವಿದ್ಯುತ್ ಗದ್ದಲವನ್ನು ಅದು ತಡೆಯುತ್ತದೆ. ಗುಂಡಿಗೆ ತೂತು, ದೀಪಕ್ಕೆ ತೂತು, ಅರದಲ್ಲಿ ಉಜ್ಜಿದ ಅಂಚು—ಮಾಡಿದವರ ಕೈಯ ಗುರುತು ಎಲ್ಲೆಡೆ ಇರುತ್ತದೆ.

ಈ ಚೆಲುವಿನ ಗುಟ್ಟು ಏನು? ಅದನ್ನು ಓದಬಹುದು ಎಂಬುದೇ. ಗೆರೆಯ ಜಾಡು ಹಿಡಿದು ಹೋದರೆ ಸುಟ್ಟ ರೆಸಿಸ್ಟರ್ ಸಿಗುತ್ತದೆ. ನಾಲ್ಕು ಸ್ಕ್ರೂ ತೆಗೆದರೆ ಪೆಟ್ಟಿಗೆ ತೆರೆಯುತ್ತದೆ. ಇಂದಿನ ಮೊಬೈಲ್ ಫೋನಿನ ಹಲಗೆಗೆ ಹತ್ತಾರು ಪದರ, ಮೇಲೆ ಅಂಟು ಹಾಕಿದ ಮುಚ್ಚಳ. ಅಷ್ಟು ಕೆಲಸ ಅಷ್ಟು ಸಣ್ಣದರಲ್ಲಿ ಅಡಗಲು ಪದರಗಳು ಬೇಕು, ನಿಜ. ಆದರೆ ಮುಚ್ಚಳವನ್ನು ತೆರೆಯಲಾಗದಂತೆ ಮಾಡುವುದು ಅನಿವಾರ್ಯವೇ? ಕೆಟ್ಟದ್ದನ್ನು ಎಸೆಯುವುದೇ ದಾರಿಯಾದರೆ ಕಸದ ರಾಶಿ ಬೆಳೆಯುತ್ತದೆ. ಮೂಲೆಯಂಗಡಿಯ ದುರಸ್ತಿಗಾರನ ವಿದ್ಯೆ ಅಳಿಯುತ್ತದೆ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗಾಗಿ ಜಾಲತಾಣವೊಂದನ್ನು ಆರಂಭಿಸಿತು. ತಾನು ಕೊಂಡ ವಸ್ತುವಿನ ಒಳಗನ್ನು ನೋಡುವ, ತಿಳಿಯುವ, ಸರಿಪಡಿಸುವ ಹಕ್ಕು ಮನುಷ್ಯನಿಗೆ ಬೇಕೆಂಬ ಮಾತು ಕೊನೆಗೂ ಸರ್ಕಾರದ ಕಿವಿಗೆ ಬಿದ್ದಿದೆ. ಸಾಬೂನು ಡಬ್ಬಿಯಲ್ಲಿ ರೇಡಿಯೋ ಕೂರಿಸಿದ ಹುಡುಗ ಆ ಹಕ್ಕನ್ನು ಯಾರನ್ನೂ ಕೇಳದೆ ಚಲಾಯಿಸಿದ್ದ.