ಐಲ್ಯಾಂಡಿಗೆ ಅಂಟಿಕೊಂಡ ಎಸ್

ತುಂಗಭದ್ರೆಯ ದಂಡೆಯ ಮೇಲಿನ ನಾಗಲದಿನ್ನೆಯ ಹೆಸರು ಕಿವಿಗೆ ಬಿದ್ದರೆ ಸಾಕು, ನಮ್ಮಂಥ ಪದಪ್ರಿಯರ ಮನಸ್ಸು ಕೊನೆಯ ಎರಡಕ್ಷರದಲ್ಲಿ ತಂಗುತ್ತದೆ. ದಿನ್ನೆಯೆಂದರೆ ಎತ್ತರದ ನೆಲ, ಆದವಾನಿ ಸೀಮೆಯ ಕನ್ನಡಕ್ಕೂ ತೆಲುಗಿಗೂ. ನಮ್ಮ ದಿಣ್ಣೆ, ತೆಲುಗಿನ ತಿನ್ನೆ, ಮನೆಯ ಮುಂದಿನ ಜಗಲಿಯಾಗಿ ನಿಂತ ತಮಿಳಿನ ತಿಣ್ಣೈ, ಇವೆಲ್ಲ ಒಂದೇ ಬಳ್ಳಿಯ ಕುಡಿಗಳು. 2009ರ ಅಕ್ಟೋಬರಿನಲ್ಲಿ ಮಂತ್ರಾಲಯದೊಳಕ್ಕೆ ನುಗ್ಗಿದಂತೆ ಈ ಹೊಳೆ ಉಕ್ಕಿದಾಗ ದಿನ್ನೆಯೇ ನಡುಗಡ್ಡೆ. ಆ ನಡುಗಡ್ಡೆಗೆ ಇಂಗ್ಲಿಷಿನಲ್ಲಿ ಎರಡು ಹೆಸರು: ಐಲ್, ಐಲ್ಯಾಂಡ್.

ನೋಟಕ್ಕೆ ಇವು ತಾಯಿಮಕ್ಕಳು. ಐಲ್‌ಗೆ ಲ್ಯಾಂಡ್ ಸೇರಿ ಐಲ್ಯಾಂಡ್ ಆಯಿತೆಂದೇ ಯಾರಾದರೂ ಬಗೆದಾರು. ಆದರೆ ಐಲ್ ಬಂದದ್ದು ಲ್ಯಾಟಿನ್ನಿನ ಇನ್ಸುಲಾದಿಂದ, ಹಳೆಯ ಫ್ರೆಂಚರ ಬಾಯಲ್ಲಿ ಸವೆದು. ಅದೇ ಇನ್ಸುಲಾ ಪರ್ಯಾಯದ್ವೀಪದ ಪೆನಿನ್ಸುಲಾದಲ್ಲಿದೆ, ಮೇದೋಜೀರಕದ ದ್ವೀಪದಂಥ ಕೋಶಗುಚ್ಛಗಳಲ್ಲಿ ಹುಟ್ಟುವ ಇನ್ಸುಲಿನ್ನಿನಲ್ಲೂ ಇದೆ. ಐಲ್ಯಾಂಡಾದರೋ ಅಚ್ಚ ಜರ್ಮಾನಿಕ್ ಸಂತಾನ: ಹಳೆಯ ಇಂಗ್ಲಿಷಿನ ‘ಈಯ್’ ಒಂದೇ ದ್ವೀಪವನ್ನು ಹೇಳುತ್ತಿತ್ತು, ಅದರ ಬೇರು ನೀರಿನಲ್ಲಿತ್ತು, ಲ್ಯಾಟಿನ್ನಿನ ಅಕ್ವಾ ಅದಕ್ಕೆ ದೂರದ ಬಂಧು, ಅದರ ಮೇಲೆ ಲ್ಯಾಂಡ್ ಸೇರಿತು. ಆಗ ಅದರಲ್ಲಿ ಎಸ್ ಇರಲೇ ಇಲ್ಲ. 16ನೇ ಶತಮಾನದ ಹೊತ್ತಿಗೆ ಐಲ್‌ನ ನಂಟೆಂದು ಭ್ರಮಿಸಿ ಬರೆಯುವವರು ಅದನ್ನು ಸೇರಿಸಿದರು. ಕಾಗದದ ಮೇಲೆ ಅದು ನಿಂತಿತು, ನಾಲಗೆಗೆ ಏರಲಿಲ್ಲ. ಚರ್ಚಿನ ಪೀಠಸಾಲುಗಳ ನಡುವಿನ ಹಾದಿಯನ್ನು ಹೇಳುವ ಇನ್ನೊಂದು ‘ಐಲ್’ ಕೂಡ, ರೆಕ್ಕೆಯೆಂಬ ಅರ್ಥದ ಆಲಾದಿಂದ ಹುಟ್ಟಿಯೂ, ಇದೇ ಸಹವಾಸದಿಂದ ಎಸ್ ಹೊತ್ತುಕೊಂಡಿತು.

ನಮ್ಮಲ್ಲೂ ಇಂಥ ಜೋಡಿಯಿದೆ. ದ್ವೀಪ, ದ್ವಿಪ. ಮೊದಲನೆಯದು ದ್ವಿ ಮತ್ತು ಅಪ್, ಎರಡೂ ಕಡೆ ನೀರುಳ್ಳದ್ದು. ಅಪ್‌ನ ಅಕಾರ ಇಲ್ಲಿ ಈಕಾರವಾಗುವುದಕ್ಕೆ ಪಾಣಿನಿಯೇ ಸೂತ್ರವೊಂದನ್ನು ಕಟ್ಟಿದ್ದಾನೆ. ಎರಡನೆಯದು ಎರಡರಿಂದ ಕುಡಿಯುವುದು, ಸೊಂಡಿಲಿನಿಂದಲೂ ಬಾಯಿಂದಲೂ, ಅಂದರೆ ಆನೆ. ನಡುವೆ ಒಂದು ದೀರ್ಘವಷ್ಟೇ, ಆದರೂ ಆನೆ ಎಂದೂ ದ್ವೀಪವಾಗಿ ಹೋಗಲಿಲ್ಲ. ಬರೆದ ದೀರ್ಘವನ್ನು ನಾವು ಎಳೆದೇ ಓದುತ್ತೇವೆ. ನನಗೆ ಇಲ್ಲಿ ಬಲು ಹಿತವಾಗುವುದು ಇದು: ಆ ಈಯ್‌ಗೂ ನಮ್ಮ ದ್ವೀಪಕ್ಕೂ ಹೆಸರಿತ್ತದ್ದು ಸುತ್ತಲಿನ ನೀರು, ನಡುಗಡ್ಡೆಗೂ ದಿನ್ನೆಗೂ ಮಾತ್ರ ಕಾಲಡಿಯ ಮಣ್ಣು.

ಇನ್ನು ಐಲ್ಯಾಂಡಿನ ಎಸ್ಸಿನ ವಿಷಯ. ಬರಹ ತಪ್ಪಿತು, ಅದನ್ನು ಇಂದಿಗೂ ಉಚ್ಚರಿಸದ ನಾಲಗೆಯೇ ಸರಿ.