ಕಾಮಗಾರಿಯ ಮುಕ್ತಾಯ, ಲೆಕ್ಕದ ಮುಕ್ತಾಯ

ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕ್ರಿ.ಶ. 1369ರ ಸಂಸ್ಕೃತ ಶಾಸನವೊಂದುಂಟು. ವಿಜಯನಗರದ ಒಂದನೆಯ ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಕೆರೆಗೆ ಎರಡು ವರ್ಷಗಳ ಕಾಲ 1000 ಆಳುಗಳೂ 100 ಬಂಡಿಗಳೂ ದುಡಿದುವೆಂದು ಅದು ಹೇಳುತ್ತದೆ. ಏರಿಯ ಅಳತೆಯನ್ನೂ ಕೊಡುತ್ತದೆ. ಅದು ಪುಣ್ಯಕಾರ್ಯದ ಪ್ರಶಸ್ತಿಯೇ ಹೊರತು ಗುತ್ತಿಗೆಯ ಕಡತವಲ್ಲ, ನಿಜ. ಆದರೂ ಕೆಲಸದೊಡನೆ ಅಳತೆಯೂ ಮುಗಿದು ಕಲ್ಲಿನ ಮೇಲೆ ನಿಂತದ್ದು ಗಮನಾರ್ಹವಾಗಿದೆ.

ಇಂದಿನ ಸರಕಾರಿ ಕಾಮಗಾರಿಗಳಲ್ಲಿ ಇವೆರಡೂ ಬೇರೆ ಬೇರೆ ಕಾಲದಲ್ಲಿ ಮುಗಿಯುತ್ತವೆ. ಕಟ್ಟಡದ ಉದ್ಘಾಟನೆಯಾಗಿರುತ್ತದೆ, ಅಂತಿಮ ಬಿಲ್ಲು ಮಾತ್ರ ಆಗಿರುವುದಿಲ್ಲ. ಕಾರಣಗಳು ಪರಿಚಿತವಾದುವೇ: ಹೆಚ್ಚುವರಿ ಕೆಲಸಕ್ಕೆ ದರ ನಿಶ್ಚಯವಾಗಿಲ್ಲ, ಅವಧಿ ವಿಸ್ತರಣೆಯ ಅರ್ಜಿ ಇತ್ಯರ್ಥವಾಗಿಲ್ಲ, ಅಳತೆ ಪುಸ್ತಕದಲ್ಲಿ ಬರೆದ ಅಧಿಕಾರಿ ವರ್ಗವಾಗಿದ್ದಾರೆ. ಲೆಕ್ಕ ಮುಗಿಯುವವರೆಗೆ ಗುತ್ತಿಗೆದಾರನ ಬ್ಯಾಂಕ್ ಜಾಮೀನನ್ನು ನವೀಕರಿಸುತ್ತಲೇ ಇರಬೇಕು. ಅದಕ್ಕೆ ಕಮಿಷನ್ ತೆರಬೇಕು. ಅಷ್ಟರಮಟ್ಟಿಗೆ ಅವನ ಸಾಲದ ಮಿತಿಯೂ ಕಟ್ಟುಬಿದ್ದಿರುತ್ತದೆ. ಬ್ಯಾಂಕಿನ ಮೇಜಿನ ಬಳಿ ಕುಳಿತವರಿಗೆ ಇದು ನಿತ್ಯದ ಅನುಭವ. ಈ ಸರಪಳಿಯ ಕೊನೆಯ ಕೊಂಡಿ ಮೇಸ್ತ್ರಿ. ಅವನ ಹಿಂದೆ ಪಾಲಮೂರಿನಿಂದ ವಲಸೆ ಬಂದ ಕೂಲಿಯವರಿದ್ದಾರೆ. ಮೇಲೆ ತಡೆದ ಹಣ ಕೆಳಗೆ ಕೂಲಿಯ ಬಾಕಿಯಾಗುತ್ತದೆ.

ಪರಿಹಾರವೇನು? ನಮ್ಮ ಅಮೀರ್‌ಪೇಟ್ ಒಂದು ದಾರಿಯನ್ನು ತೋರಿಸುತ್ತದೆ. ಇಲ್ಲಿಯ ಮೆಟ್ರೋ ಜೋಡು ನಿಲ್ದಾಣಕ್ಕೆ ಮಾರ್ಗಗಳು ಒಮ್ಮೆಲೇ ಬರಲಿಲ್ಲ. ಮಿಯಾಪುರ ಮತ್ತು ನಾಗೋಲು ಕಡೆಯ ಮಾರ್ಗ 2017ರ ನವೆಂಬರಿನಲ್ಲಿಯೂ, ಎಲ್.ಬಿ. ನಗರದ ಮಾರ್ಗ 2018ರ ಸೆಪ್ಟೆಂಬರಿನಲ್ಲಿಯೂ, ಹೈಟೆಕ್ ಸಿಟಿಯ ಮಾರ್ಗ 2019ರ ಮಾರ್ಚಿನಲ್ಲಿಯೂ ತೆರೆದುವು. ಸಿದ್ಧವಾದ ಭಾಗವನ್ನು ರೈಲ್ವೆ ಸುರಕ್ಷತಾ ಆಯುಕ್ತರು ಪರೀಕ್ಷಿಸಿ ಒಪ್ಪಿಗೆ ಕೊಟ್ಟಂತೆ ಆ ಭಾಗದಲ್ಲಿ ಜನಸಂಚಾರ ಮೊದಲಾಯಿತು. ಮೆಟ್ರೋ ಸಾಮಾನ್ಯ ಗುತ್ತಿಗೆಯಲ್ಲ, ಖಾಸಗಿ ಸಹಭಾಗಿತ್ವದಲ್ಲಿ ಕಟ್ಟಿದ ಯೋಜನೆ ಎಂಬುದು ದಿಟ. ಆದರೆ ಭಾಗಭಾಗವಾಗಿ ಪರೀಕ್ಷಿಸಿ ಒಪ್ಪಿಕೊಳ್ಳುವ ಕ್ರಮ ಎಲ್ಲೆಡೆಗೂ ಸಲ್ಲುತ್ತದೆ. ಸುರಕ್ಷತೆಗೆ ಸಾಧ್ಯವಾದದ್ದು ಲೆಕ್ಕಕ್ಕೆ ಏಕೆ ಅಸಾಧ್ಯ? ಒಂದೊಂದು ಭಾಗ ಮುಗಿದಾಗಲೇ ಉಭಯರೂ ಕೂಡಿ ಅಳೆದು, ಹೆಚ್ಚುವರಿ ದರವನ್ನು ನಿಶ್ಚಯಿಸಿ, ರುಜು ಹಾಕಿದರೆ ಕೊನೆಗೆ ಉಳಿಯುವುದು ಕೂಡಿಸುವ ಕೆಲಸವೊಂದೇ.

ಕೇಂದ್ರ ಹಣಕಾಸು ಸಚಿವಾಲಯವು 2021ರ ಅಕ್ಟೋಬರಿನಲ್ಲಿ ಹೊರಡಿಸಿದ ಸೂಚನೆಗಳು, ಕೆಲಸ ಮುಗಿದ ಮೂರು ತಿಂಗಳೊಳಗೆ ಅಂತಿಮ ಬಿಲ್ಲನ್ನು ಪಾವತಿ ಮಾಡಬೇಕೆನ್ನುತ್ತವೆ. ಗಡುವು ಯೋಗ್ಯವಾದುದೇ. ಆದರೆ ವರ್ಷಗಟ್ಟಲೆ ಬರೆಯದೆ ಬಿಟ್ಟ ಲೆಕ್ಕವನ್ನು ಮೂರು ತಿಂಗಳಲ್ಲಿ ಬರೆದು ಮುಗಿಸಲಾಗದು. ಗುತ್ತಿಗೆಯ ಮುಕ್ತಾಯ ಮೊದಲ ಅಳತೆಯ ದಿನವೇ ಆರಂಭವಾಗತಕ್ಕದ್ದು.